ಗೋಲೂ ಗೋಳೂ

(ನರಿಕೊಂಬಿನ ಒಂದು ಚಾ ಹೋಟೆಲು)

ಅಜ್ಜ: 1968–69ರ ಸಂತೋಷ್ ಟ್ರೋಫಿ ಫುಟ್‌ಬಾಲ್! ನಮ್ಮ ಮೈಸೂರು ಗೆದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ಉಂಟು ಮಾರಾಯ.

ಪುಳ್ಳಿ: ಮೈದಾನಕ್ಕೆ ಹೋಗಿದ್ರಾ ಅಜ್ಜ?

ಅಜ್ಜ: ಎಲ್ಲಿಗೆ? ನೇತ್ರಾವತಿ ದಾಟ್ಲಿಕ್ಕೇ ಅಪ್ಪ ಬಿಡ್ತಿರ್ಲಿಲ್ಲ.

ಪುಳ್ಳಿ: ಹೋದ ವರ್ಷ ರೇಡಿಯೋದಲ್ಲಿ ಕೇಳಿದ್ದು ಅಂದಿದ್ರಿ.

ಅಜ್ಜ: ಈಗ ಕಾಣ್ಲಿಕ್ಕೂ ಸುರುವಾಗಿದೆ.

ಪುಳ್ಳಿ: 2023ರಲ್ಲಿ ಕರ್ನಾಟಕ ಪುನಃ ಗೆದ್ದಿತಲ್ಲ? ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2. ಮೊಬೈಲಲ್ಲಿ ತೋರಿಸಿದ್ದೆ.

ಅಜ್ಜ: ಹೋಗಾ! ನೋಡಿದ ಆಟದಲ್ಲಿ ಎಂತ ಸ್ವಾರಸ್ಯ?

ಪುಳ್ಳಿ: ಹಾಗಾದ್ರೆ ನಡುವಿನ 54 ವರ್ಷ?

ಅಜ್ಜ: ಗೋಲು ಅವರದ್ದು, ಗೋಳು ನಮ್ಮದು. ಅದೂ ಚೆಂದವೇ ಇತ್ತು.

ಹೋಟೆಲಿನವ: ಅಜ್ಜ, ಕಪ್ಪು ಖಾಲಿ. ಇನ್ನೊಂದು ಚಾ?

ಅಜ್ಜ: ಬೇಡ, ಮೊದಲಿನ ರುಚಿ ಇಲ್ಲ.

ಹೋಟೆಲಿನವ: ಮೊದಲಿನ ದುಡ್ಡೂ ಬಂದಿಲ್ಲ.