ಇಂಚಿನ ಗೌಡ್ರು

ವನಗೂರಿನ ಸುತ್ತ ಕಾಫಿ ತೋಟ ಇರುವವರಿಗೆಲ್ಲ ಮಳೆ ಅಳೆಯುವ ಚಟ. ನಮ್ಮ ಗೌಡ್ರಿಗೆ ಅದು ನಿತ್ಯಪೂಜೆ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಅಂಗಳದ ಮಳೆಮಾಪಕ ಬಗ್ಗಿಸಿ, ಇಂಚು-ಸೆಂಟು ಡೈರಿಗಿಳಿಸಿದ ಮೇಲೇ ಕಾಫಿ. ಮಗಳ ಮದುವೆ ಯಾವ ವರ್ಷ ಎಂದು ಕೇಳಿ ನೋಡಿ: ‘ಹೂಮಳೆ ಚೆನ್ನಾಗಿ ಬಿದ್ದು ಆಮೇಲಿನ ಬ್ಯಾಕಿಂಗ್ ಮಳೆ ಕೈಕೊಟ್ಟಿತಲ್ಲ, ಆ ವರ್ಷ.’

ಆ ಮಗಳು ಈಗ ಸಿಡ್ನಿಯಲ್ಲಿದ್ದಾಳೆ. ‘ಅಪ್ಪಾ, ಜುಲೈಗೆ ಬನ್ನಿ. ಉಲೂರು ಸುತ್ತ ಸೈಕಲ್ ತುಳಿಯೋಣ’ ಎಂದಳು.

‘ಹೆತ್ತೂರು ಗೊತ್ತು, ಯಸಳೂರು ಗೊತ್ತು. ಇದ್ಯಾವ ಊರೇ?’

ಊರಲ್ಲ, ಬಂಡೆ. ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯಲ್ಲಿ 348 ಮೀಟರ್ ಎದ್ದು ನಿಂತ ಕೆಂಪು ಬಂಡೆ.

‘ಮಳೆ ಎಷ್ಟು?’

‘ಹನ್ನೆರಡು ಇಂಚು ಆಗಬಹುದು.’

ಗೌಡ್ರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ‘ವಾರಕ್ಕಾ?’

‘ವರ್ಷಕ್ಕೆ!’

ಅಂದು ರಾತ್ರಿ ಅವರಿಗೆ ಊಟ ಸೇರಲಿಲ್ಲ. ಆ ಜನ ಬೆಳಗ್ಗೆ ಎದ್ದು ಮಾತಾಡುವುದಾದರೂ ಏನನ್ನು?

ಆದರೂ ಹಟ. ಅಟ್ಟದಿಂದ ಹಳೇ ಅಟ್ಲಾಸ್ ಸೈಕಲ್ ಇಳಿಯಿತು. ಬಂಡೆಯ ಸುತ್ತಿನ ದಾರಿ ಹತ್ತು ಕಿಲೋಮೀಟರ್ ಮೇಲಿದೆ, ಆದರೆ ಮಟ್ಟಸ. ಇಲ್ಲಿ ಮಟ್ಟಸ ಅಂತ ಇರುವುದು ಕಾಫಿ ಒಣಗಿಸುವ ಕಣ ಒಂದೇ. ಪಟ್ಲ ಬೆಟ್ಟದ ಕಡೆಗೆ ಎರಡು ದಿನ ಸೈಕಲ್ ತಳ್ಳಿಕೊಂಡು ಹತ್ತಿ ಬ್ರೇಕ್ ಹಿಡಿದು ಇಳಿದವರು, ಮೂರನೇ ದಿನ ಕಣಕ್ಕೇ ಬಂದರು. ಜೂನ್ ತಿಂಗಳ ಕಣ, ಪಾಚಿ. ಏಳನೇ ಸುತ್ತಿಗೆ ಗೌಡ್ರು ಒಂದು ಕಡೆ, ಅಟ್ಲಾಸ್ ಇನ್ನೊಂದು ಕಡೆ. ಜಗಲಿಯಲ್ಲಿ ಕೂತು ಸುತ್ತು ಎಣಿಸುತ್ತಿದ್ದ ಗೌಡ್ರ ಮನೆಯವರು, ‘ಇದನ್ನ ಸೇರಿಸಲೋ ಬೇಡವೋ?’ ಎಂದು ಕೇಳಿದರು.

ಅಲ್ಲಿ ಇಂಬಳ ಇಲ್ಲ, ಮೂಗಿಗೇ ನುಗ್ಗುವ ನೊಣ ಇವೆ ಎಂದಳು ಮಗಳು. ಗೌಡ್ರು ಜೇನು ಬಿಡಿಸುವಾಗಿನ ಬಲೆ ಮುಖಕ್ಕೆ ಹಾಕಿಕೊಂಡು ತುಳಿಯತೊಡಗಿದರು. ಸ್ವಂತ ನಾಯಿಯೇ ಬೊಗಳಿತು. ಇಂಬಳಕ್ಕೆಂದು ಕಟ್ಟಿಟ್ಟ ಹೊಗೆಸೊಪ್ಪು-ಸುಣ್ಣದ ಗಂಟು ಮಾತ್ರ ಚೀಲದಿಂದ ಆಚೆ ಬರಲಿಲ್ಲ. ಇಂಬಳ ಇಲ್ಲದ ನೆಲವೂ ಇದೆ ಎಂದು ನಂಬುವಷ್ಟು ಮುಗ್ಧರಲ್ಲ ಅವರು.

ಉಲೂರು ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಪವಿತ್ರ ಜಾಗ, 2019ರ ಅಕ್ಟೋಬರ್ 26ರಿಂದ ಬಂಡೆ ಹತ್ತುವಂತಿಲ್ಲ, ಕೆಲವು ಕಡೆ ಫೋಟೋ ಕೂಡ ತೆಗೆಯಬಾರದು ಎಂದು ಮಗಳು ಹೇಳಿದಾಗ ಮಾತ್ರ ಗೌಡ್ರು ಮರುಪ್ರಶ್ನೆ ಹಾಕಲಿಲ್ಲ. ‘ದೇವರಕಾಡು ಅನ್ನು. ಚಪ್ಪಲಿ ಎಲ್ಲಿ ಬಿಡೋದು?’

ಮರುಭೂಮಿಗೆಂದು ಚೀಲಕ್ಕೆ ಕಂಬಳಿ ತುಂಬಿದ್ದಕ್ಕೆ ಊರೇ ನಕ್ಕಿತ್ತು. ಜುಲೈ ಅಲ್ಲಿ ಚಳಿಗಾಲ, ರಾತ್ರಿ ಸೊನ್ನೆ ಡಿಗ್ರಿ ಹತ್ತಿರಕ್ಕೂ ಇಳಿಯುತ್ತದೆ ಎಂದು ಮಗಳು ಹೇಳಿದ ಮೇಲೆ ಗೌಡ್ರು ಒಂದು ವಾರ ಎದೆಯುಬ್ಬಿಸಿ ಓಡಾಡಿದರು.

ಹೊರಡುವ ದಿನ ಸುರಿಯುವ ಮಳೆಯಲ್ಲಿ, ವನಗೂರು ಕೂಡುರಸ್ತೆಯಲ್ಲಿ ನನ್ನ ಕೈಗೆ ಡೈರಿ ಕೊಟ್ಟರು. ‘ಒಂದು ಸೆಂಟೂ ಬಿಡಬೇಡ.’ ಚೀಲ ಎತ್ತಿ ಬಸ್ಸಿಗೆ ಹಾಕಲು ಹೋದೆ. ಒಳಗೆ ಏನೋ ಠಣ್ ಎಂದಿತು. ಹೊಸ ಮಳೆಮಾಪಕ.

‘ಗೌಡ್ರೇ, ಮರುಭೂಮಿಗೆ ಇದ್ಯಾಕೆ?’

‘ಸೊನ್ನೆ ಅಂತ ಬರೀಬೇಕಾದ್ರೂ ಅಳೀಬೇಕಲ್ಲೋ!’