ಮಗಳನ್ನು ಕೆಡಿಸಿದ ಕಾನ್ವೆಂಟಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಮಾನ್ಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರು
ಇವರಿಂದ: ಭಾಗಮಂಡಲದ ಒಬ್ಬ ತಂದೆ
ವಿಷಯ: ಒಳ್ಳೆಯ ಸ್ಥಿತಿಯಲ್ಲಿ ತಮಗೆ ಒಪ್ಪಿಸಿದ್ದ ಹುಡುಗಿಯನ್ನು ಕೆಡಿಸಿ ವಾಪಸ್ ಕಳಿಸಿರುವ ಬಗ್ಗೆ

ಸಿಸ್ಟರ್,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಂಟನೇ ತರಗತಿಗೆ ತಂದು ಬಿಟ್ಟಾಗ ನನ್ನ ಮಗಳು ಹೀಗಿರಲಿಲ್ಲ. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ನೆಂಟರು ಬಂದರೆ ಕಾಫಿ ತಂದಿಟ್ಟು ಬಾಗಿಲ ಹಿಂದೆ ಮರೆಯಾಗುತ್ತಿದ್ದಳು. ತಮ್ಮ ಉಂಡೆದ್ದ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಇಷ್ಟು ಗುಣವಿದ್ದವಳಿಗೆ ಇನ್ನು ಬೇಕಾಗಿದ್ದದ್ದು ನಾಲ್ಕು ಮಾತು ಇಂಗ್ಲಿಷ್, ಮತ್ತು 'ಕಾನ್ವೆಂಟಿನಲ್ಲಿ ಓದಿದ ಹುಡುಗಿ' ಎಂಬ ಹೆಸರು. ಜಾತಕದ ಜೊತೆ ಕಳಿಸುವ ವಿವರದಲ್ಲಿ ಆ ಒಂದು ಸಾಲಿಗೆ ಎಷ್ಟು ತೂಕವಿದೆ ಎಂಬುದು, ಮದುವೆಯ ಗೊಡವೆಯೇ ಇಲ್ಲದ ತಮಗೆ ಗೊತ್ತಿರಲಾರದು. ಮೇಲೆ ಒಂದು ಕೈ ಬಣ್ಣ ಹೊಡೆದುಕೊಡಿ ಎಂದು ಬಿಟ್ಟ ಗಾಡಿಯ ಎಂಜಿನ್ನನ್ನೇ ಬಿಚ್ಚಿ ಹೊಸದಾಗಿ ಜೋಡಿಸಿದ್ದೀರಿ.

ಶಾಲೆಯ ಹೆಸರು ಬರೆಯುವುದಿಲ್ಲ. ಅದು ಮೈಸೂರು ಕಡೆಯದೋ ಮಂಗಳೂರು ಕಡೆಯದೋ ಎಂದು ಊರವರು ಊಹಿಸಿಕೊಳ್ಳಲಿ. ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಶಾಲೆ ಎಂದರೆ ಸಾಕು.

ಅಷ್ಟು ದೂರ ಯಾಕೆ ಕಳಿಸಿದೆ ಎಂದು ಕೇಳಬಹುದು. ನಮ್ಮದು ತ್ರಿವೇಣಿ ಸಂಗಮದ ಊರು. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುವ ಹೊಳೆಗಳು. ಮೂರನೆಯ ಸುಜ್ಯೋತಿ ಗುಪ್ತಗಾಮಿನಿ ಎಂದು ನಂಬಿಕೆ. ಜುಲೈ ಬಂದರೆ ಎಲ್ಲೆಲ್ಲೂ ನೀರೇ ಕಾಣುತ್ತದೆ, ಗುಪ್ತವಾಗುವುದು ರಸ್ತೆ. ಮಳೆಯನ್ನು ನಾವು ಇಂಚಿನಲ್ಲಿ ಲೆಕ್ಕ ಹಾಕುವವರು. 200 ಇಂಚಿನ ಸುತ್ತಮುತ್ತ ಬಂದ ವರ್ಷವನ್ನು 'ಸಾಧಾರಣ' ಅನ್ನುತ್ತೇವೆ. ಈಗ ಮೇಲ್ಸೇತುವೆ ಬಂದಿದೆ ನಿಜ, ಆದರೆ ಮರ ಬೀಳುವುದೂ ಬರೆ ಜರಿಯುವುದೂ ಸೇತುವೆ ಇರುವ ಜಾಗ ನೋಡಿಕೊಂಡು ಅಲ್ಲ. ಡಿ.ಸಿ. ಸಾಹೇಬರು ಶಾಲೆಗೆ ರಜೆ ಕೊಡುತ್ತಾರೆ, ಆ ರಜೆಗಳನ್ನು ಆಮೇಲೆ ಶನಿವಾರ ಮಧ್ಯಾಹ್ನಗಳು ತೀರಿಸುತ್ತವೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಬಯಲುಸೀಮೆಯಲ್ಲಿ ಅದು ಹುಡುಗಿಯನ್ನು ಶಾಲೆಗೆ ಕರೆದೊಯ್ದಿತು. ನಮ್ಮ ಏರುಗಳಲ್ಲಿ ಹುಡುಗಿಯೇ ಅದನ್ನು ಕರೆದೊಯ್ಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬಹಳ ಒಳ್ಳೆಯದು. ಆದರೆ ಶಾಲೆಯ ಹೊತ್ತಿಗೆ ಸರಿಯಾಗಿ ಬರುವುದು ಖಾಸಗಿ ಬಸ್ಸಾದರೆ, ಅದರ ಕಂಡಕ್ಟರಿಗೆ ಶಕ್ತಿ ಯೋಜನೆಗಿಂತ ಚಿಲ್ಲರೆಯಲ್ಲಿ ಭಕ್ತಿ ಹೆಚ್ಚು. ಹೀಗಾಗಿ ಹಾಸ್ಟೆಲು, ಹೀಗಾಗಿ ನೀವು.

ನಿಮ್ಮ ಶಾಲೆಯ ಪರಿಚಯ ಪುಸ್ತಿಕೆಯಲ್ಲಿ 'ವಿದ್ಯಾರ್ಥಿನಿಯರಿಗೆ ಸಮಗ್ರ ಬೆಂಬಲ' ಎಂಬ ಸಾಲಿತ್ತು. ಗಣಿತಕ್ಕೆ ಸಂಜೆ ಟ್ಯೂಷನ್ ಇರಬೇಕು ಎಂದುಕೊಂಡೆ. ಅದೇನೆಂದು ಬಿಡಿಸಿ ಬರೆಯದೆ ಶುಲ್ಕ ತೆಗೆದುಕೊಂಡದ್ದು ನನ್ನ ಮೊದಲ ಆಕ್ಷೇಪಣೆ.

ಅನಾಹುತ ಶುರುವಾದದ್ದು ಶೂವಿನಿಂದ. ಕಪ್ಪು ಶೂ, ಬಿಳಿ ಕಾಲುಚೀಲ, ಎರಡು ಜಡೆ, ರಿಬ್ಬನ್: ನಿಮ್ಮ ನಿಯಮ ಓದಿ ಕಣ್ಣು ತಂಪಾಗಿತ್ತು. ಆಷಾಢದ ಮಳೆಯಲ್ಲಿ ಒಣಗದ ಶೂ ಹಾಕಿ ಹಾಕಿ ಅವಳ ಬೆರಳ ಸಂದಿ ಕೊಳೆಯಿತು. ನಮ್ಮ ಮನೆಯಲ್ಲಾದರೆ ಸ್ವಲ್ಪ ಅರಿಸಿನ ಹಚ್ಚಿ, ನಿಯಮ ಅಂದಮೇಲೆ ಪಾಲಿಸಬೇಕಮ್ಮಾ ಎನ್ನುತ್ತಿದ್ದೆವು. ನಿಮ್ಮ ವಾರ್ಡನ್ ಸಿಸ್ಟರ್ ಕಾಲು ನೋಡಿದರು, ಉಳಿದ ಹುಡುಗಿಯರನ್ನೂ ಕರೆದು ಕಾಲು ನೋಡಿದರು, ಮಳೆಗಾಲ ಮುಗಿಯುವವರೆಗೆ ಎಲ್ಲರೂ ಚಪ್ಪಲಿ ಹಾಕಿಕೊಂಡು ಬರಲಿ ಎಂದುಬಿಟ್ಟರು. ಅಡುಗೆಮನೆಯ ಒಲೆಯ ಪಕ್ಕ ಹಗ್ಗ ಕಟ್ಟಿಸಿ ಸಮವಸ್ತ್ರ ಒಣಗಿಸಿಕೊಟ್ಟರು. ಹೇಳಿದರೆ ನಿಯಮ ಬದಲಾಗುತ್ತದೆ ಎಂಬ ಅಪಾಯಕಾರಿ ವಿಚಾರ ಹದಿಮೂರರ ಹುಡುಗಿಯ ತಲೆಗೆ ಹೊಕ್ಕಿದ್ದು ಆವತ್ತು. ಆಮೇಲಿನದೆಲ್ಲ ಅದರ ಫಲ.

ಎರಡನೆಯದು ರಾತ್ರಿಯ ವಿಷಯ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋದಾಗ ಇವಳು ಪ್ರೈಮರಿಯಲ್ಲಿದ್ದಳು. ಆಮೇಲೆ ಜೋರು ಮಳೆ ಬಂದ ರಾತ್ರಿಗಳಲ್ಲಿ ಎದ್ದು ಕೂರುತ್ತಿದ್ದಳು. 'ಏನೂ ಆಗಲ್ಲ, ಮಲಗು' ಎಂದು ನಾವು ಚಿಕಿತ್ಸೆ ಮಾಡಿ ಮುಗಿಸಿದ್ದೆವು. ನಿಮ್ಮ ಸಿಸ್ಟರ್ ಅವಳ ಮಂಚದ ಬಳಿ ಕೂತು 'ಏನಾಯ್ತಮ್ಮಾ?' ಎಂದು ಕೇಳಿದರಂತೆ. ಕೇಳಿ ಸುಮ್ಮನಾಗದೆ, ಉತ್ತರ ಬರುವವರೆಗೂ ಕಾದರಂತೆ! 2018ರಲ್ಲಿ ಮಕ್ಕಂದೂರು ಕಡೆ ಮನೆ ಕಳೆದುಕೊಂಡ ಕುಟುಂಬದ ಇನ್ನೊಬ್ಬಳು ಅದೇ ಹಾಸ್ಟೆಲಿನಲ್ಲಿದ್ದಳು. ಇಬ್ಬರನ್ನೂ ಕೌನ್ಸೆಲರ್ ಬಳಿ ಕೂರಿಸಿ ಮಾತಾಡಿಸಿದಿರಿ. ಈಗ ಮಗಳು ಮಳೆಯಲ್ಲಿ ನಿದ್ದೆ ಮಾಡುತ್ತಾಳೆ. ಎಚ್ಚರವಿರುವುದು ನಾನು, ಏಕೆಂದರೆ 'ಅಪ್ಪಾ, ನಿಮಗೂ ಭಯವಾಗ್ತದಲ್ಲ?' ಎಂದು ಕೇಳಿ ಮಲಗಿದ್ದಾಳೆ. ತಂದೆಯಾದವನನ್ನು ಕೇಳುವ ಪ್ರಶ್ನೆಯೇ ಇದು?

ಮೂರನೆಯದನ್ನು ಬರೆಯಲು ಸಂಕೋಚ, ಆದರೂ ಬರೆಯುತ್ತೇನೆ. ಸರ್ಕಾರ 2013-14ರಲ್ಲಿ 'ಶುಚಿ' ಎಂಬ ಯೋಜನೆ ತಂದು ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಕೊಟ್ಟಿತು, ನಡುವೆ ಕೆಲವು ವರ್ಷ ಮರೆತಿತು, 2024ರಲ್ಲಿ ನೆನಪು ಮಾಡಿಕೊಂಡಿತು. ಸರ್ಕಾರ ಮರೆತರೂ ಹುಡುಗಿಯರ ತಿಂಗಳು ಮರೆಯುವುದಿಲ್ಲವಲ್ಲ. ನಿಮ್ಮಲ್ಲಿ ವಾರ್ಡನ್ ಕೋಣೆಯ ಕಪಾಟಿನಿಂದ ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಂತೆ. ಅಷ್ಟಕ್ಕೆ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಜೀವಶಾಸ್ತ್ರದ ಟೀಚರು ಚಿತ್ರ ಬರೆದು ಪಾಠ ಮಾಡಿದ್ದಾರೆ. ದಸರಾ ರಜೆಗೆ ಬಂದವಳು ಹೊರಗಿನ ಕೋಣೆಯಲ್ಲಿ ಕೂರುವುದಿಲ್ಲ ಎಂದಳು. 'ಅಜ್ಜೀ, ನಿಮಗೆ ಆ ಮೂರು ದಿನ ಹೊರಗೆ ಚಳಿಯಾಗ್ತಿರಲಿಲ್ವ?' ಎಂದು ನನ್ನ ತಾಯಿಯನ್ನೇ ಕೇಳಿದಳು. ಅಜ್ಜಿ ಬೈಯುತ್ತಾರೆಂದು ನಾನು ಕಾದೆ. ಅವರು, 'ಆಗ್ತಿತ್ತು ಮಗಾ, ಯಾರೂ ಕೇಳ್ಲಿಲ್ಲ' ಎಂದುಬಿಟ್ಟರು. ಪಿಡುಗು ಮೇಲಿನ ತಲೆಮಾರಿಗೂ ಹಬ್ಬಿದೆ, ಸಿಸ್ಟರ್.

ನಾಲ್ಕನೆಯದು ಅವಳ ಸೋದರಮಾವನಿಗೆ ಆದ ಅವಮಾನ. ಹತ್ತನೇ ಕ್ಲಾಸು ಮುಗಿಯುತ್ತಿದ್ದ ಇನ್ನೊಬ್ಬ ತಂಗಿಯ ಮಗಳಿಗೆ ಗಂಡು ನೋಡಿದ್ದೇನೆ, ತೋಟವಿದೆ, ಏಲಕ್ಕಿ ಇದೆ ಎಂದು ಅವರು ಸಂತೋಷದಿಂದ ಹೇಳುತ್ತಿದ್ದರು. ಹಿಂದಿನ ಅಭ್ಯಾಸದಂತೆ ಕಾಫಿ ಇಟ್ಟು ಒಳಗೆ ಹೋಗಬೇಕಾದವಳು ಅಲ್ಲೇ ನಿಂತಳು. ಹದಿನೆಂಟರ ಒಳಗಿನ ಮದುವೆ ಕರ್ನಾಟಕದಲ್ಲಿ ಮದುವೆಯೇ ಅಲ್ಲ, 2016ರ ತಿದ್ದುಪಡಿಯಲ್ಲಿ ಅದನ್ನು ಅನೂರ್ಜಿತ ಎಂದಿದ್ದಾರೆ ಮಾವಾ ಎಂದಳು. 1098 ಎಂಬ ಮಕ್ಕಳ ಸಹಾಯವಾಣಿಯ ನಂಬರನ್ನೂ ಹೇಳಿದಳು. ಹಾಸ್ಟೆಲಿನ ಗೋಡೆಯ ಮೇಲಿದೆಯಂತೆ. ಗೋಡೆಯ ಮೇಲೆ ಸುಭಾಷಿತ ಬರೆಸುವ ಬದಲು ಫೋನ್ ನಂಬರ್ ಬರೆಸುವ ಶಾಲೆ ಎಂಥದು?

ಐದನೆಯದು ಗ್ರಂಥಾಲಯ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಇಪ್ಪತ್ತೇಳಕ್ಕೇ ನೀರಿನಲ್ಲಿ ಮುಳುಗಿ ತೀರಿಕೊಂಡ ಕೊಡಗಿನ ಗೌರಮ್ಮನ ಕಥೆಗಳನ್ನು ಕೊಟ್ಟಿದ್ದೀರಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೂ ಬರಲೇಬೇಕೆಂದು ಹಟ ಹಿಡಿದು, ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಹೆಂಗಸು ಆಕೆ. ಇಂಥವರ ಪುಸ್ತಕವನ್ನು ಒಡವೆ ಮಾಡಿಸುವ ವಯಸ್ಸಿನ ಹುಡುಗಿಯ ಕೈಗೆ ಕೊಡುವುದೇ? ಸಾಲದ್ದಕ್ಕೆ ಬಾನು ಮುಷ್ತಾಕರ ಕಥೆ. ಎಂಟು ವರ್ಷದ ಮುಸ್ಲಿಂ ಹುಡುಗಿಯನ್ನು ಶಿವಮೊಗ್ಗದ ಕನ್ನಡ ಮಿಷನರಿ ಶಾಲೆಯೊಂದು ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡಿತಂತೆ. ಅವರು ಕೆಲವೇ ದಿನದಲ್ಲಿ ಬರೆಯಲು ಶುರುಮಾಡಿದರಂತೆ. 2025ರಲ್ಲಿ ಅವರಿಗೂ, ಆ ಕಥೆಗಳನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿಯವರಿಗೂ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಾಸ್ಟೆಲಿನಲ್ಲಿ ಪಾಯಸ ಮಾಡಿಸಿದಿರಂತೆ. ಅಂದಿನಿಂದ ಇವಳ ನೋಟ್‌ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಉಳಿಯುತ್ತಿಲ್ಲ.

ಮತ ಬದಲಾಯಿಸಿಬಿಡುತ್ತಾರೆ ಎಂದು ಊರಿನಲ್ಲಿ ಕೆಲವರು ಹೆದರಿಸಿದ್ದರು. ಅದಾಗಲಿಲ್ಲ, ಆಗಿದ್ದು ಅದಕ್ಕಿಂತ ಕಷ್ಟದ್ದು. ಸೆಪ್ಟೆಂಬರ್ 8ರ ಮೋಂತಿ ಹಬ್ಬದಲ್ಲಿ ಮರಿಯಮ್ಮನಿಗೆ ಹೂ ಹಾಕಿ, ಹೊಸ ತೆನೆಯ ಅಕ್ಕಿಯ ಊಟ ಉಂಡು, 'ನಮ್ಮ ಹುತ್ತರಿಯ ಹಾಗೇ ಅಪ್ಪಾ' ಎಂದಳು. ಅಕ್ಟೋಬರಿನಲ್ಲಿ ತೀರ್ಥೋದ್ಭವದ ಬಗ್ಗೆ ಅಸೆಂಬ್ಲಿಯಲ್ಲಿ ಮಾತಾಡು ಎಂದು ನೀವೇ ಹೇಳಿದಿರಂತೆ. ಮಾತಾಡಬೇಕಲ್ಲ, ಓದಿಕೊಂಡಳು. ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯರನ್ನು ಮದುವೆಯಾದ ಕಾವೇರಿಯನ್ನು ಅವರು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದದ್ದು, ಅವಳು ಹೊರಗೆ ಹರಿದು ಹೊರಟದ್ದು ನಮಗೆಲ್ಲ ಗೊತ್ತಿರುವ ಕಥೆ. ಸಂಗಮದಲ್ಲಿ ಮುಳುಗು ಹಾಕುತ್ತ ಬೆಳೆದ ನನಗೆ ಅದರಲ್ಲಿ ಒಂದು ಪ್ರಶ್ನೆ ಇದೆ ಎಂದು ಹೊಳೆದಿರಲಿಲ್ಲ. 'ಮಾತು ತಪ್ಪಿದ್ದು ಯಾರು?' ಎಂದು ಅವಳು ಕೇಳಿದಳು. ಕಾವೇರಮ್ಮನ ಮೇಲೆ ಅವಳಿಗೆ ಭಕ್ತಿ ಈಗ ಮೊದಲಿಗಿಂತ ಹೆಚ್ಚಾಗಿದೆ. ತೊಂದರೆ ಇರುವುದು ಅಲ್ಲೇ.

ಇದು ನಿಮ್ಮವರ ಹಳೆಯ ಚಾಳಿ ಎಂದು ಗೊತ್ತು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಹುಟ್ಟಿದ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳು ಕ್ಯಾಥೊಲಿಕ್ ಆಗಿ, ಮದರ್ ವೆರೋನಿಕಾ ಆಗಿ, 1868ರಲ್ಲಿ ಫ್ರಾನ್ಸಿನಲ್ಲಿ ಅಪೋಸ್ಟೋಲಿಕ್ ಕಾರ್ಮೆಲ್ ಸಭೆ ಕಟ್ಟಿದರು. ಆ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದಿಳಿದು ಸಂತ ಆನ್ನಮ್ಮನ ಹೆಸರಿನಲ್ಲಿ ಹುಡುಗಿಯರ ಶಾಲೆ ನಡೆಸಿದರು. ಶಾಲೆ ಕಲಿತವರು ಸುಮ್ಮನಿರುತ್ತಾರೆಯೇ? 1921ಕ್ಕೆ ಸಂತ ಆಗ್ನೆಸ್ ಕಾಲೇಜೇ ಬಂತು. ನಮ್ಮ ಕಡೆಯ ತಪ್ಪೂ ಇದೆ ಎನ್ನಿ. 1792ರಲ್ಲಿ ವಿರಾಜಪೇಟೆಯಲ್ಲಿ ಆನ್ನಮ್ಮನ ಇಗರ್ಜಿಗೆ ಜಾಗ ಕೊಟ್ಟು ಕರೆದು ಕೂರಿಸಿದವರು ಲಿಂಗಾಯತ ಅರಸು ದೊಡ್ಡವೀರರಾಜೇಂದ್ರರು.

ಇಷ್ಟು ದೂರಿದ ಮೇಲೆ ನಿಮಗೆ ಒಂದು ಸಹಾನುಭೂತಿಯ ಮಾತು. ಬೆಂಬಲದ ಬಿಸಿ ನಿಮಗೂ ತಟ್ಟಿದೆ ಎಂದು ಕೇಳಿದೆ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಎಂಬ ನಿಮ್ಮ ನಿಯಮ ನನಗೆ ಬಹಳ ಹಿಡಿಸಿತ್ತು. ನಮ್ಮ ಮನೆಮಾತು ಅರೆಭಾಷೆ. ಅದಕ್ಕೆ ಸರ್ಕಾರ ಮಡಿಕೇರಿಯಲ್ಲಿ ಅಕಾಡೆಮಿ ತೆರೆದಿದ್ದರೂ ಇಂಟರ್‌ವ್ಯೂನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಆದರೆ ಮಗಳು ನೀವೇ ಇಟ್ಟ ದೂರು ಪೆಟ್ಟಿಗೆಗೆ ಒಂದು ಚೀಟಿ ಹಾಕಿದಳಂತೆ: 'ಮಳೆಯ ರಾತ್ರಿ ಸಿಸ್ಟರ್ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದರು. ಅವರಿಗೆ ಎಷ್ಟು ದಂಡ ಹಾಕಿದ್ದೀರಿ?' ಹಾಸ್ಟೆಲಿನಲ್ಲಿ ದಂಡ ನಿಂತಿತು. ತರಗತಿಯಲ್ಲಿ ಇನ್ನೂ ಇದೆ. ಕೇಳುವುದನ್ನು ಕಲಿಸಿದವರಿಗೆ ಅರ್ಧ ಉತ್ತರ ಕೊಟ್ಟು ಪಾರಾಗುವುದು ಕಷ್ಟ, ಸಿಸ್ಟರ್. ನಾನು ಅನುಭವದಿಂದ ಹೇಳುತ್ತಿದ್ದೇನೆ.

ಅವಳು ಕೇಳಿದ ಕೊನೆಯ ಪ್ರಶ್ನೆ ಮಾತ್ರ ನಿಮಗೂ ನನಗೂ ಸೇರಿದ್ದು. ಪ್ರೈಮರಿಯಲ್ಲಿ ಇವಳಿಗಿಂತ ಮುಂದಿದ್ದ ಹುಡುಗಿಯೊಬ್ಬಳಿದ್ದಳು, ತೋಟದ ಲೈನ್‌ಮನೆಯವಳು. ಎಂಟನೆಯದರ ಆಚೆ ಓದಲಿಲ್ಲ. ಈಗ ಅವಳ ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋಗುತ್ತಾಳೆ. 'ಅವಳಿಗೆ ಏನಾಯ್ತಮ್ಮಾ ಅಂತ ಕೇಳೋರು ಯಾಕಿಲ್ಲ ಅಪ್ಪಾ?' ಎಂದಳು. ಶುಲ್ಕ ಕಟ್ಟಲಿಲ್ಲವಲ್ಲ ಎಂದೆ. ಉತ್ತರ ಸರಿಯಾಗಿಯೇ ಇತ್ತು, ಅವಳ ಮುಖ ನೋಡಲಾಗಲಿಲ್ಲ.

ಕಾನೂನಿನ ಪ್ರಕಾರ ನಿಮ್ಮ ತಪ್ಪೇನೂ ಇಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂಬುದು ಒಂದು. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂಬುದು ಇನ್ನೊಂದು. ಮೊದಲನೆಯದು ನನ್ನಂಥ ತಂದೆಯರ ಆಸೆಯನ್ನು ಕಾಪಾಡಿತು, ಎರಡನೆಯದು ನಿಮ್ಮನ್ನು ಬಡ ಮಕ್ಕಳ ಶೇಕಡಾ 25ರ ಸೀಟಿನಿಂದ ಕಾಪಾಡಿತು. ಆ ಕಾಯ್ದೆಯಾದರೂ ಹದಿನಾಲ್ಕನೇ ವಯಸ್ಸಿಗೆ, ಎಂಟನೇ ತರಗತಿಗೆ ಕೈಬಿಡುತ್ತದೆ. ಹುಡುಗಿಯ ಕೈಗೆ ಕುಯ್ಲಿನ ಚೀಲ ಬರುವುದೂ, ಮಾವಂದಿರು ಗಂಡು ಹುಡುಕುವುದೂ ಅಲ್ಲಿಂದಲೇ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು. ಒಂದು, ಪರಿಚಯ ಪುಸ್ತಿಕೆಯಲ್ಲಿ 'ಇಲ್ಲಿ ಹುಡುಗಿಯರನ್ನು ಏನಾಯ್ತಮ್ಮಾ ಎಂದು ಕೇಳಲಾಗುವುದು, ಪರಿಣಾಮಗಳಿಗೆ ಪೋಷಕರೇ ಹೊಣೆ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಎರಡು, ತಂದೆಯರಿಗೂ ಸೋದರಮಾವಂದಿರಿಗೂ ಮಳೆಗಾಲದಲ್ಲಿ ಒಂದು ವಿಶೇಷ ತರಗತಿ ನಡೆಸಬೇಕು. ಚಪ್ಪಲಿ ಹಾಕಿಕೊಂಡು ಬರಲು ಅನುಮತಿ ಇರಲಿ. ಮೂರು, ಆ ಲೈನ್‌ಮನೆಯ ಹುಡುಗಿಗೆ, ಹಾಡಿಯಿಂದ ಬರುವ ಯರವರ, ಜೇನುಕುರುಬರ ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಮಂಚ ಹಾಕಿಸಬೇಕು. ಕಾನೂನು ನಿಮ್ಮನ್ನು ಒತ್ತಾಯಿಸುವುದಿಲ್ಲ, ನಿಜ. ಆದರೆ ಶೂ ಬಿಚ್ಚಿಸಿ ಕಾಲು ನೋಡು ಎಂದು ವಾರ್ಡನ್ ಸಿಸ್ಟರನ್ನು ಯಾವ ಕಾನೂನು ಒತ್ತಾಯಿಸಿತ್ತು? ಆ ಹುಡುಗಿಯರ ಶುಲ್ಕಕ್ಕೆ ನನ್ನಂಥ ನೊಂದ ತಂದೆಯರಿಂದ ಪರಿಹಾರ ನಿಧಿ ಎತ್ತಿ. ನನ್ನ ಪಾಲನ್ನು ಮೆಣಸು ಮಾರಿದ ಕೂಡಲೇ ಕಳಿಸುತ್ತೇನೆ.

ದುಡ್ಡಿದ್ದವರ ಮಗಳನ್ನು ಮಾತ್ರ ಕೆಡಿಸುವುದು ಅನ್ಯಾಯ. ಕೆಡಿಸುವುದಾದರೆ ಎಲ್ಲರನ್ನೂ ಕೆಡಿಸಿ.

ಇಂತಿ,
ತಮ್ಮಿಂದ ಬಾಧಿತನಾದ
ಒಬ್ಬ ತಂದೆ, ಭಾಗಮಂಡಲ