ಜೀಪಿನಲ್ಲಿ ಕೂತ ಹುಲಿ

ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರವಾಸದ ಬಗ್ಗೆ ಬರೀರಿ ಅಂದರೆ ಮೊದಲು ನೆನಪಾಗೋದು ಬಂಡೀಪುರವೇ, ಅಲ್ವಾ? ಸಫಾರಿ, ಜಿಂಕೆ, ಆನೆ, ಅದೃಷ್ಟ ಇದ್ದರೆ ಹುಲಿ. ಆ ಹುಲಿ ಬಂದಾಗಲೇ ನೋಡಿ ಫಜೀತಿ. 'ಐ ಸಾ ಎ ಟೈಗರ್ ಸಿಟಿಂಗ್ ಇನ್ ದಿ ಜೀಪ್' ಅಂತ ಬರೆದರೆ ಮುಗೀತು, ಹುಲಿರಾಯ ಜೀಪು ಹತ್ತಿ ಕೂತುಬಿಟ್ಟ!

ನಗು ಬರುತ್ತೆ, ಬರಲಿ ಬಿಡಿ. ಆದರೆ ಅದೇ ಮಗುವನ್ನ ಕನ್ನಡದಲ್ಲಿ ಕೇಳಿ. 'ಜೀಪಲ್ಲಿ ಕೂತು ಹುಲಿ ನೋಡ್ದೆ' ಅನ್ನುತ್ತೆ. ಅಪ್ಪಿತಪ್ಪಿಯೂ 'ಜೀಪಲ್ಲಿ ಕೂತ ಹುಲಿ' ಅನ್ನಲ್ಲ. 'ಕೂತು' ಅಂದರೆ ಕೂತವರೇ ನೋಡಿದವರು. 'ಕೂತ' ಅಂದರೆ ಮುಂದೆ ಬರೋ ಹುಲಿಗೆ ಗಂಟು ಬಿತ್ತು. ತಕಾರಕ್ಕೊಂದು ಕೊಂಬು ಇದೆಯೋ ಇಲ್ಲವೋ, ಅಷ್ಟರಲ್ಲೇ ಯಾರು ಎಲ್ಲಿ ಕೂತರು ಅನ್ನೋದು ಇತ್ಯರ್ಥ! ಶಾಲೆ ಮೆಟ್ಟಿಲು ಹತ್ತದ ಮಗುವಿಗೂ ಈ ಸೂಕ್ಷ್ಮ ಗೊತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ 'ಸಿಟಿಂಗ್' ಒಂದೇ. ಅದು ಯಾರ ಪಕ್ಕ ನಿಂತಿತೋ ಅವರ ಪಾಲು. ಅದಕ್ಕೇ ಅದನ್ನ ಎತ್ತಿ 'ಐ' ಪಕ್ಕಕ್ಕೆ ತರಬೇಕು: 'ಸಿಟಿಂಗ್ ಇನ್ ದಿ ಜೀಪ್, ಐ ಸಾ ಎ ಟೈಗರ್'. ಈಗ ಹುಲಿ ಕಾಡಿನಲ್ಲಿ, ಮಗು ಜೀಪಿನಲ್ಲಿ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದವರೂ ಹೀಗೇ ಬರೆದಾರು: 'ಕವರ್ಡ್ ವಿತ್ ಮಿಸ್ಟ್, ವಿ ಸಾ ದಿ ಟೆಂಪಲ್'. ಮಂಜು ಮುಸುಕಿದ್ದು ಗುಡಿಗೆ, ಬರವಣಿಗೆಯಲ್ಲಿ ಹೊದ್ದುಕೊಂಡವರು ನಾವು. 1,454 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ನಮಗೂ ಮಂಜು ಮುಸುಕುತ್ತೆ ಅನ್ನೋದು ಬೇರೆ ಮಾತು.   

ಸರ್ವನಾಮದ ಗೋಜಲು ಇನ್ನೂ ಸ್ವಾರಸ್ಯ. ನಮ್ಮದು ಮಾದಪ್ಪನ ಸೀಮೆ, ಕ್ಲಾಸಿಗೊಬ್ಬ ಮಾದೇಶ, ಒಬ್ಬ ಮಹದೇವಸ್ವಾಮಿ ಇದ್ದೇ ಇರ್ತಾರೆ. 'ಮಾದೇಶ ಟೋಲ್ಡ್ ಮಹದೇವಸ್ವಾಮಿ ದಟ್ ಹಿ ಹ್ಯಾಡ್ ಪಾಸ್ಡ್' ಅಂದರೆ ಪಾಸಾದವನು ಯಾರು? ಸಿಹಿ ಯಾರ ಮನೇಲಿ ಹಂಚಬೇಕು? ಕನ್ನಡದಲ್ಲಿ ಆಡುಮಾತಾದರೆ 'ನಾನು ಪಾಸಾದೆ ಅಂದ', ಇಲ್ಲವೇ 'ನೀನು ಪಾಸಾದೆ ಅಂದ'. ಬರಹವಾದರೆ 'ತಾನು' ಅಂತ ಒಂದು ಇಟ್ಟುಕೊಂಡಿದ್ದೀವಿ, ಅದು ಹೇಳಿದವನನ್ನೇ ಹಿಡಿದು ತೋರಿಸುತ್ತೆ. ಇಂಗ್ಲಿಷಿನ 'ಹಿ'ಗೆ ಆ ಚಾಕಚಕ್ಯತೆ ಇಲ್ಲ, ಹೆಸರನ್ನೇ ಇನ್ನೊಮ್ಮೆ ಬರೆಯಬೇಕು. ಸರ್ವನಾಮ ಅಂದರೆ ಚಿಲ್ಲರೆ ವಿಷಯ ಅಲ್ಲ ಕಣ್ರೀ. ನಮ್ಮ ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ಅದೊಂದರ ಮೇಲೇ ಇಂಗ್ಲಿಷಿನಲ್ಲಿ ಇಡೀ ಪುಸ್ತಕ ಬರೆದರು, 2004ರಲ್ಲಿ ಆಕ್ಸ್‌ಫರ್ಡ್‌ನವರು ಅಚ್ಚು ಹಾಕಿದರು.

ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು. 'ಮೈ ಫಾದರ್ ಈಸ್ ಎ ಫಾರ್ಮರ್. ದೆ ಗ್ರೋ ಟರ್ಮರಿಕ್.' ಅರಿಶಿನ ಬೆಳೆಯೋ ಅಪ್ಪ ಒಬ್ಬರೇ, ಆದರೂ 'ದೆ'! ಮನೇಲಿ 'ಅಪ್ಪ ಬಂದ್ರು, ಅವರು ಉಂಡ್ರು' ಅಂತ ಬೆಳೆದ ಮಗುವಿಗೆ 'ಹಿ' ಅನ್ನೋಕೆ ನಾಲಿಗೆ ಹೇಗೆ ಹೊರಳೀತು, ಹೇಳಿ? ಕೆಂಪು ಇಂಕಿನಲ್ಲಿ ಗೀಟು ಎಳೆಯೋ ಮುಂಚೆ, ಇಂಗ್ಲಿಷಿನಲ್ಲಿ ರಾಜನಿಗೂ 'ಹಿ'ನೇ ಮಗಾ, ಅಪ್ಪನಿಗೆ ಅಂದರೆ ಮರ್ಯಾದೆ ಕಮ್ಮಿಯಾಗಲ್ಲ ಅಂತ ಹೇಳಿದರೆ ಸಾಕು, ಮತ್ತೆ ತಪ್ಪಲ್ಲ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಇದೆ. ಒಳ್ಳೇದೇ ಆಯ್ತು. ಆದರೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಎತ್ತಬೇಡ ಅಂತ ಗದರಿಸೋದು ನನಗೆ ಸರಿ ಕಾಣಲ್ಲ. ಮೇಷ್ಟ್ರೇ, ಮೇಡಮ್ಮೋರೇ, ಬೋರ್ಡಿನ ಮೇಲೆ 'ಹಿ' ಅಂತ ಬರೆದಾಗ 'ಯಾರು ಅವನು?' ಅಂತ ಒಂದು ಸಲ ಮಕ್ಕಳನ್ನ ಕೇಳಿ. ಉತ್ತರ ಕನ್ನಡದಲ್ಲೇ ಬರಲಿ, ಬೇಡ ಅನ್ನಬೇಡಿ.